ಅಣ್ಣನ ಫ್ಲಾಪಿಗೆ ಹಚ್ಚಿದ ಕುಂಕುಮ

ಇವತ್ತು ಖಂಡೇಪೂಜೆ, ನಮ್ಮ ಕಡೆಯ ಆಯುಧಪೂಜೆ. ಅಂಗಡಿಯಲ್ಲಿ ಬಿಲ್ಲಿಂಗ್ ಯಂತ್ರಕ್ಕೆ ಹೂವೇರಿಸುವಾಗ ಒದ್ದೆ ಕುಂಕುಮದ ವಾಸನೆ ಬಂತು. ನಾವು ಬೆಳೆದ ಖಡಕಿಯ ಹಳೆಯ ಮನೆ ಕಣ್ಮುಂದೆ ನಿಂತಿತು.

ಅಣ್ಣ ಕ್ಯಾಂಪ್ ಬಡಾವಣೆಯ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಕ್ಲಾಸು ಮುಗಿದ ಮೇಲೆ ಅಲ್ಲೇ ಕೂತು ಅಂಕಿ, ಅಕ್ಷರಗಳನ್ನು ಒತ್ತಿ ಸಂಗೀತ ಕಟ್ಟುತ್ತಿದ್ದ. ಯುರೋಪಿನಲ್ಲಿ ಕಂಪ್ಯೂಟರಿನಲ್ಲೇ ಚಿತ್ರ, ಸಂಗೀತ ಮಾಡುವವರ ಸ್ಪರ್ಧೆಯಿತ್ತು. ಅದಕ್ಕೆ ಅಂಚೆಯಲ್ಲಿ ಕಳಿಸಬೇಕಾದ ಹಾಡು ಇದ್ದದ್ದು ಒಂದೇ ಫ್ಲಾಪಿಯಲ್ಲಿ.

ಆ ಹಾಡು ಇನ್ನೂ ಬಿಡಿಗಾಸು ಗಳಿಸಿರಲಿಲ್ಲ. ಆದರೂ ಅವ್ವ ಪೂಜೆಯ ದಿನ ಫ್ಲಾಪಿಯನ್ನು ಅಪ್ಪನ ತಕ್ಕಡಿಯ ಪಕ್ಕದಲ್ಲೇ ಇಟ್ಟಳು. ಅದರ ತಗಡು ಸರಿಸಿ ಒಳಗಿನ ಕಪ್ಪು ಹಾಳೆಗೇ ಕುಂಕುಮ ಹಚ್ಚಿದಳು.

“ಅವ್ವಾ, ಏನ್ ಮಾಡ್ದಿ!” ಎಂದ ಅಣ್ಣ.

“ಹಾಡು ಒಳಗ ಅದ ಅಂತ ನೀನ ಹೇಳಿದ್ಯಲ್ಲಪಾ? ಮ್ಯಾಲ ಹಚ್ಚಿದ್ರ ಅದಕ್ಕ ಹೆಂಗ ಮುಟ್ಟತದ?”

ಕುಂಕುಮ ಮೆತ್ತಿದ ಫ್ಲಾಪಿ ಕಂಪ್ಯೂಟರಿನಲ್ಲಿ ಮತ್ತೆ ತೆರೆಯಲಿಲ್ಲ. ಇನ್ನೊಮ್ಮೆ ಕಟ್ಟಲು ಸ್ಪರ್ಧೆಯ ಗಡುವು ಬಿಡಲಿಲ್ಲ. ಆದರೆ ಅವ್ವನಿಗೆ ಅಣ್ಣ ಹಾಡು ಕಳಿಸಿದೆನೆಂದೇ ಹೇಳಿದ.

ಮುಂದೆ ಮೊಬೈಲ್ ಬಂದಾಗ ಅಣ್ಣ ರಿಂಗ್‌ಟೋನ್ ಮಾಡಿ ಸಂಸಾರ ನಡೆಸಿದ. “ನಾ ಹಚ್ಚಿದ ಕುಂಕುಮ ಸುಳ್ಳಾಗಲಿಲ್ಲ ನೋಡು” ಎಂದು ಅವ್ವ ಬೀಗುತ್ತಿದ್ದಳು. ಅಣ್ಣ ತಲೆಯಾಡಿಸುತ್ತಿದ್ದ.

ಈಗಷ್ಟೇ ಅವನಿಗೆ ಫೋನ್ ಮಾಡಿ ಆ ಹಾಡು ಹೇಗಿತ್ತೆಂದು ಕೇಳಿದೆ. ಸ್ವಲ್ಪ ಗುನುಗಿ ನಿಲ್ಲಿಸಿದ.

“ಮುಂದಿಂದು ನೆನಪಿಲ್ಲೋ ತಮ್ಮಾ.”