ಮಗ್ಗ ನಿಂತ ದಿನ

ಚಿಗವ್ವನ ಬಲಗೈ ತೋರುಬೆರಳಿನಲ್ಲಿ ನೂಲು ಕೊರೆದು ಕೊರೆದು ಮೂಡಿದ ಗೆರೆಯೊಂದಿತ್ತು. ಮುಧೋಳದ ಬಸ್ ನಿಲ್ದಾಣದಲ್ಲಿ, ಜಡೆಗಟ್ಟಿದ ಕೂದಲಿನ, ಹರಿದ ಗಂಡಸರ ಅಂಗಿ ತೊಟ್ಟ ಹೆಂಗಸೊಬ್ಬಳನ್ನು ನಾನು ಗುರುತು ಹಿಡಿದದ್ದು ಆ ಗೆರೆಯಿಂದ. ಗೊಬ್ಬರದ ಚೀಲದ ಎಳೆ ಬಿಚ್ಚಿ ಒಂದಕ್ಕೊಂದು ಗಂಟು ಹಾಕುತ್ತ ಕೂತಿದ್ದಳು. ನೇಕಾರರ ಗಂಟು, ಕಣ್ಣಿಗೆ ಕಾಣದಷ್ಟು ಸಣ್ಣದು.

ರಬಕವಿಯ ನನ್ನ ತವರಿನಲ್ಲಿ ಅವಳು ನಮ್ಮ ಪಕ್ಕದ ಮನೆಯವಳು, ರಕ್ತಸಂಬಂಧವೇನೂ ಇಲ್ಲ. ನನ್ನ ಅವ್ವ ಹಾಸಿಗೆ ಹಿಡಿದಾಗ ನನ್ನ ತಲೆ ಬಾಚಿ, ರೊಟ್ಟಿ ಕಟ್ಟಿ ಸಾಲೆಗೆ ಕಳಿಸಿದವಳು. ಬಾಯಿ ಮಾತ್ರ ಬಲು ಜೋರು. ನಾನು ಸುತ್ತುವಾಗ ನೂಲು ಹರಿದರೆ, "ಹರಿಯೂದು ನೂಲಿನ ಗುಣ, ಕೂಡಸೂದು ನಮ್ಮ ಗುಣ. ಅಳಬ್ಯಾಡ, ಗಂಟ ಹಾಕಬೇ" ಎನ್ನುತ್ತಿದ್ದಳು.

ಗಂಡ ಸತ್ತ ಮೇಲೆ ಅವಳಿಗೆ ನಿದ್ದೆ ಹೋಯಿತು. ಯಾರೋ ಕರೆಯುತ್ತಾರೆಂದು ಬಾಗಿಲಿಗೆ ಓಡುತ್ತಿದ್ದಳು. ಅದೇ ಹೊತ್ತಿಗೆ ಮೈದುನ ಅವಳ ಕೈಮಗ್ಗ ಕಿತ್ತು ಪಡಸಾಲೆಯಲ್ಲಿ ಪವರ್‌ಲೂಮ್‌ಗಳನ್ನು ಹೂಡಿದ. "ತಲ್ಯಾಗ ಬಡದಂಗ ಆಗತೈತೋ ತಮ್ಮಾ, ಒಂದ್ ಗಳಿಗಿ ನಿಂದರಸೋ" ಎಂದು ಅವಳು ಅವನ ಕಾಲು ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಲ್ಲಿಸಲಿಲ್ಲ. ಡಾಕ್ಟರಿಗೂ ತೋರಿಸಲಿಲ್ಲ. ಅಮಾವಾಸ್ಯೆಗೆ ದೇವರಿಗೆಂದು ಅವಳನ್ನು ಬಸ್ಸು ಹತ್ತಿಸಿಕೊಂಡು ಹೋದವನು ಒಬ್ಬನೇ ತಿರುಗಿ ಬಂದ. ಓಣಿಯವರ ಮುಂದೆ ಕಣ್ಣೊರೆಸಿಕೊಳ್ಳುತ್ತ, "ವೈನಿ ಗದ್ದಲದಾಗ ಕೈ ಬಿಡಿಸಿಕೊಂಡ ಹೋದ್ಲು. ಮನಿ ಆಕೀದ ಐತಿ, ಯಾವಾಗ ಬಂದ್ರೂ ಬಾಗಲಾ ತಗದ ಇರತೈತಿ" ಎಂದ. ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಮುಧೋಳದಿಂದ ಅವಳನ್ನು ಬನಹಟ್ಟಿಯ ನನ್ನ ಮನೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಗುಳಿಗೆ ಹಿಡಿದವು. ನಿದ್ದೆ ಬಂತು, ಹಳೆಯ ಬಾಯಿಯೂ ಬಂತು. "ತಲಿ ಕೆಟ್ಟಿತ್ತು, ಖರೆ. ಆದ್ರ ಪೂರಾ ಹುಚ್ಚಿ ಆಗಿದ್ದು ಮನಿ ಕಳಕೊಂಡ ಮ್ಯಾಲ. ಯಾಂವ ಬಂದು ಮೈಮ್ಯಾಲ ಬೀಳತಾನೋ ಅಂತ ಎದ್ದ ಕುಂತ್ರ ಯಾರ ತಲಿ ನಿಂದರತೈತಿ?" ಎಂದಳು. ಆಮೇಲೆ ಒಂದೇ ಜಪ: "ನನ್ನ ಮನಿಗಿ ಒಯ್ಯಬೇ."

ಒಯ್ದೆ. ಮೈದುನ ಹೊಸ್ತಿಲಲ್ಲಿ ನಿಂತು, ಮಗ್ಗದ ಸಪ್ಪಳದಲ್ಲಿ ಓಣಿಗೆ ಕೇಳದ ಹಾಗೆ, "ಹುಚ್ಚೀನ ಒಳಗ ಬಿಡಾಂಗಿಲ್ಲ" ಎಂದು ಬಾಗಿಲು ಹಾಕಿದ. ಬನಹಟ್ಟಿಗೆ ತಿರುಗಿ ಬರುವ ದಾರಿಯುದ್ದಕ್ಕೂ ಚಿಗವ್ವ ಸೆರಗಿನ ಎಳೆ ಬಿಚ್ಚಿ ಗಂಟು ಹಾಕುತ್ತ ಕೂತಳು.

ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವವರೆಗೆ ಹೆಣವಿರುವ ಓಣಿಯಲ್ಲಿ ಯಾರ ಮಗ್ಗವೂ ಓಡುವಂತಿಲ್ಲ. ನಾನು ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನೇರ ರಬಕವಿಗೆ ಹೋದೆ. ಅವಳ ಬಾಗಿಲೆದುರು ನಿಂತು ಓಣಿಯೆಲ್ಲ ಕೇಳುವಂತೆ ಕೂಗಿದೆ: "ಕಾಕಾ, ನಿಮ್ಮ ವೈನಿ ಬಂದಾರ್ರಿ! ಬಾಗಲಾ ತಗದ ಇರತೈತಿ ಅಂದಿದ್ರಲ್ಲಾ, ತಗೀರಿ!"

ಹಿರಿಯರು ಹೊರಬಂದರು. "ಆಕಿ ಮನಿ ಇದು. ಆಕಿ ಇಲ್ಲಿಂದನ ಹೋಗಬೇಕು" ಎಂದರು. ಮೈದುನ ತನ್ನ ಕೈಯಾರೆ ಒಂದೊಂದೇ ಮಗ್ಗ ಬಂದ್ ಮಾಡಿದ. ಒಂದು ಗಳಿಗೆ ಬೇಡಿದವಳು ವಿಭೂತಿ ಹಚ್ಚಿಕೊಂಡು, ಹೊಸ ಸೀರೆಯುಟ್ಟು, ತನ್ನ ಪಡಸಾಲೆಯಲ್ಲಿ ಸಂಜೆಯವರೆಗೆ ಕೂತಳು. ಇದು ಸೇಡಲ್ಲವೇ ಎಂದು ಕೇಳುವವರಿದ್ದಾರೆ. ಸೇಡೇ. ನನಗಿನ್ನೂ ಸಾಕಾಗಿಲ್ಲ.

ಜನ ಕೂಡಿದಾಗ ಮೈದುನ ಎದೆ ಬಡಿದುಕೊಂಡು ಅಳಲು ಶುರುಮಾಡಿದ. ನಾನು ಅವನ ಪಕ್ಕಕ್ಕೆ ಹೋಗಿ ಹೇಳಿದೆ: "ಸಾವಕಾಶ ಅಳ್ರಿ ಕಾಕಾ. ಇವತ್ತ ಮಗ್ಗದ ಸಪ್ಪಳಿಲ್ಲ, ಆಕಿಗಿ ಎಲ್ಲಾ ಕೇಳತೈತಿ."