ನೆಟ್ಟಗಿಟ್ಟು ಕೊರೆದ ಬಟ್ಟಲು

ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಅಣ್ಣ, ಅತ್ತಿಗೆ, ಕೊನೆಗೆ ಮರದ ತುಂಡು ತಂದುಹಾಕುವ ಲಾರಿಯವನೂ. ಐವತ್ತೆರಡು ತುಂಬಿದರೂ ಆ ಹೆಸರು ಅವಳನ್ನು ಬಿಡಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು ಸೋತಿದ್ದರು. ಅವರು ಬೆನ್ನು ತಿರುಗಿಸಿದ ಕೂಡಲೇ ಪೆನ್ಸಿಲು ಎಡಗೈಗೆ ಓಡಿಬರುತ್ತಿತ್ತು.

ಅಪ್ಪ ಮರದ ಬಟ್ಟಲು ಕಡೆಯುವವನು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಲೇತ್ ಇತ್ತು. ಗಿರ್ರನೆ ತಿರುಗುವ ತುಂಡಿಗೆ ಉಳಿ ಒಡ್ಡಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಒಳಗಿಂದ ಬಟ್ಟಲು ಹೊರಬರುತ್ತಿತ್ತು. ಒಂದು ದಿನ ಅವಳು ಎಡಗೈಯಲ್ಲಿ ಉಳಿ ಹಿಡಿದು ಲೇತಿನ ಮುಂದೆ ಸ್ಟೂಲು ಹತ್ತಿ ನಿಂತಳು. ಅಪ್ಪ ನೋಡಿ, "ಇಳಿ ಕೆಳಗೆ. ಮೂತಿ ಒಡ್ಕೋತೀಯ" ಎಂದು ಗದರಿದ. ಲೇತ್ ಅಣ್ಣನಿಗೆ ಹೋಯಿತು. ಅಣ್ಣ ಕಡೆದ ಬಟ್ಟಲಿಗೆ ತೂತು ಕೊರೆದು ಚಿತ್ತಾರ ಮಾಡುವ ಕೆಲಸ ಅವಳಿಗೆ ಬಂತು.

ಅದಕ್ಕೆ ಬೇಕಾದದ್ದು ಹಲ್ಲಿನ ಡಾಕ್ಟರ ಬಳಿ ಇರುವಂಥ ಒಂದು ಸಣ್ಣ ಡ್ರಿಲ್, ಅಕ್ಕಿಕಾಳಿನ ತುದಿಯಂಥ ಮೊನೆಯ ಒಂದು ಚಾಕು, ಮತ್ತು ಒಂದು ಬಲ್ಬು. ಬಲ್ಬಿನ ಬೆಳಕಿನಲ್ಲಿ ತೆಳುವಾದ ಮರ ಕೆಂಡದ ಹಾಗೆ ಹೊಳೆಯುತ್ತದೆ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕಾಣುತ್ತದೆ. ಡ್ರಿಲ್ಲಿನಿಂದ ತೂತು ತೆಗೆದು, ಪ್ರತಿ ತೂತಿನ ಅಂಚನ್ನೂ ಚಾಕುವಿನಿಂದ ಸವರಿ ಇಳಿಜಾರು ಮಾಡಬೇಕು. ಉಸಿರು ಜೋರಾಗಿ ಬಿಟ್ಟರೂ ಕೈ ತಪ್ಪುತ್ತದೆ.

ಅಪ್ಪನೂ ಆಗ ಒಂದಿಷ್ಟು ಕೊರೆಯುತ್ತಿದ್ದ. ಬಲಗೈಯವರ ಚಾಕು ತೂತಿನ ಎಡ ಅಂಚನ್ನು ಹೆಚ್ಚು ಸವರುತ್ತದೆ, ಎಡಗೈಯವರದು ಬಲ ಅಂಚನ್ನು. ಜೊತೆಯಾಗಿ ಮಾರುವ ಬಟ್ಟಲುಗಳಲ್ಲಿ ಒಂದು ಅತ್ತ ವಾಲಿದಂತೆ, ಒಂದು ಇತ್ತ ವಾಲಿದಂತೆ ಕಾಣುತ್ತಿತ್ತು. ಅಪ್ಪ ಯೋಚಿಸಿ ಉಪಾಯ ಹೇಳಿದ. "ಬೋರಲು ಹಾಕ್ಕೊಂಡು ಕೊರಿ ಮಗಳೇ. ಆಮೇಲೆ ನೆಟ್ಟಗಿಟ್ರೆ ಬಲಗೈಯವರು ಮಾಡಿದ ಹಾಗೇ ಕಾಣುತ್ತೆ."

ಅವತ್ತಿನಿಂದ ಮೂವತ್ತೆರಡು ವರ್ಷ ಅವಳು ಬಲ್ಬಿನ ಮೇಲೆ ಬಟ್ಟಲನ್ನು ಬೋರಲು ಹಾಕಿ, ಬಳ್ಳಿಯನ್ನು ತಲೆಕೆಳಗಾಗಿ ಬೆಳೆಸಿದಳು, ಹಕ್ಕಿಯನ್ನು ತಲೆಕೆಳಗಾಗಿ ಹಾರಿಸಿದಳು. ಅಪ್ಪ ಹೋದ. ಉಪಾಯ ಉಳಿಯಿತು. ಜೊತೆಗೆ ಕುತ್ತಿಗೆ ನೋವೂ ಉಳಿಯಿತು. ಅಣ್ಣ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಅವನ ಕಣ್ಣಿಗೆ ಬಟ್ಟಲೆಂದರೆ ಅದರ ಆಕಾರ, ಗೋಡೆಯ ದಪ್ಪ, ಅಷ್ಟೇ. ತೂತೆಂದರೆ ಅವನಿಗೆ ಮರ ಇಲ್ಲದ ಜಾಗ.

ಆದರೆ ತಳದಲ್ಲಿ ಕಾದ ತಂತಿಯಿಂದ ಬರೆಯುತ್ತಿದ್ದ ಹೆಸರು ಅವನೊಬ್ಬನದೇ. ಅವಳು ಒಮ್ಮೆ ಬಾಯಿಬಿಟ್ಟು ಕೇಳಿಯೂ ಇದ್ದಳು.

"ಅಣ್ಣಾ, ಪಕ್ಕದಲ್ಲಿ ನಂದೂ ಬರೀಬಹುದಲ್ಲಾ?"

ಅಣ್ಣ ಬಟ್ಟಲು ಮಗುಚಿ ತೋರಿಸಿದ. "ಎಲ್ಲಿ ಬರೀತೀಯೇ? ತಳ ಅಷ್ಟಗಲ ಇಲ್ಲ." ಅತ್ತಿಗೆ ಬಾಗಿಲಲ್ಲಿ ನಿಂತು ನಕ್ಕಳು. ಅವಳೂ ನಕ್ಕಳು. ಆಗಿನ್ನೂ ನಗಲು ಬರುತ್ತಿತ್ತು.

ನಗು ನಿಂತದ್ದು ಊರಾಚೆಯ ದೊಡ್ಡ ಅಂಗಡಿಯವನು ಬಂದ ದಿನ. ಅವನು ಶೆಡ್ಡಿನಲ್ಲಿ ನಿಂತು ಚಿತ್ತಾರವನ್ನು ಹೊಗಳುತ್ತಿದ್ದ. ಹಲಗೆ ಗೋಡೆಯ ಈಚೆ ಅವಳು ಡ್ರಿಲ್ ನಿಲ್ಲಿಸಿ ಕಿವಿಗೊಟ್ಟಳು.

"ಇಷ್ಟು ಸೂಕ್ಷ್ಮ ಹೆಂಗೆ ಮಾಡ್ತೀರಿ ಮಾರಾಯ್ರೆ?"

"ಕೈಗೆ ಬಂದ್ಬಿಟ್ಟಿದೆ ಬಿಡಿ," ಎಂದ ಅಣ್ಣ.

"ಒಳಗಡೆ ಕೂತಿರೋರು?"

"ಅವಳಾ? ನನ್ನ ತಂಗಿ. ಸ್ಯಾಂಡ್‌ಪೇಪರ್ ಉಜ್ತಾಳೆ."

ಅವಳು ಅಳಲಿಲ್ಲ. ಕಿರುಚಲೂ ಇಲ್ಲ. ಬಲ್ಬಿನ ಮೇಲಿದ್ದ ಬಟ್ಟಲು ಕೆಂಪಗೆ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ಕೂತಳು. ಮಾತಿಗೆ ಮಾತು ಬೆಳೆಸಿದರೆ ಅಣ್ಣ ನಕ್ಕು ಮುಗಿಸಿಬಿಡುತ್ತಾನೆಂದು ಅವಳಿಗೆ ಗೊತ್ತು. ಅವನು ನಗಲಾರದಂಥ ಜಾಗದಲ್ಲಿ ಸಿಕ್ಕಿಸಬೇಕು. ಹಲ್ಲು ಕಚ್ಚಿ ಕಾದಳು.

ಎರಡು ತಿಂಗಳಿಗೆ, ಮುಂದಿನ ವರ್ಷದ ಕರಕುಶಲ ಪ್ರದರ್ಶನದ ಪತ್ರ ಬಂತು. ಅಣ್ಣ ಹಿಪ್ಪುನೇರಳೆ ಮರದಲ್ಲಿ ದೊಡ್ಡದೊಂದು ಬಟ್ಟಲು ಕಡೆದ. ಗೋಡೆ ಉಗುರಿನಷ್ಟು ತೆಳು. ಅದನ್ನು ಮಾತ್ರ ಅವಳೂ ಒಪ್ಪಬೇಕು, ಅವನ ಕೈ ಕೈಯೇ. "ಈ ಸಲ ಬಹುಮಾನ ನಮ್ದೇ ಕಣೇ ಎಡಚಿ," ಎಂದ. 'ನಮ್ದೇ' ಎಂಬ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಆಡಿತು.

ಮರುದಿನ ಅವಳು ಬಲ್ಬನ್ನು ಮೇಜಿನಿಂದ ಕಿತ್ತು ಸೂರಿನಿಂದ ಇಳಿಬಿಟ್ಟಳು. ಬಟ್ಟಲನ್ನು ನೆಟ್ಟಗಿಟ್ಟು ಅದರೊಳಗೆ ಬಲ್ಬು ಇಳಿಸಿದಳು.

ಅಣ್ಣ ಬಂದು ನೋಡಿ, "ಇದೇನೇ ಹೊಸ ವೇಷ?" ಎಂದ.

"ಕುತ್ತಿಗೆ ನೋವು ಅಣ್ಣ."

"ಹ್ಞೂಂ, ವಯಸ್ಸಾಯ್ತಲ್ಲ," ಎಂದು ಹೋದ.

ಹುಳ ತಿಂದು ನರ ಮಾತ್ರ ಉಳಿದ ಎಲೆಗಳ ಚಿತ್ತಾರ ಅದು. ಸಾವಿರದ ನೂರ ನಲವತ್ತು ತೂತು. ಏಳು ತಿಂಗಳು ಹಿಡಿಯಿತು. ಪ್ರತಿ ತೂತಿನ ಬಲ ಅಂಚನ್ನು ಸವರುವಾಗಲೂ ಅವಳು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು: ಉಜ್ಜೋಳು ನೋಡು, ಉಜ್ಜೋಳು. ಅಷ್ಟು ಸುಖವಾಗಿ ಅವಳು ಯಾವತ್ತೂ ಕೆಲಸ ಮಾಡಿರಲಿಲ್ಲ. ಸೇಡಿಗೆ ಇಷ್ಟು ರುಚಿ ಇರುತ್ತದೆಂದು ಗೊತ್ತಿದ್ದರೆ ಇಪ್ಪತ್ತು ವರ್ಷ ಮೊದಲೇ ಶುರು ಮಾಡುತ್ತಿದ್ದಳು. ಮುಗಿದ ಬಟ್ಟಲನ್ನು ಅಣ್ಣ ಬೆಳಕಿಗೆ ಹಿಡಿದು, ಬೆರಳಿಂದ ಗೋಡೆ ತಟ್ಟಿ ನೋಡಿ, ತಳದಲ್ಲಿ ತನ್ನ ಹೆಸರು ಬರೆದ.

ಪ್ರದರ್ಶನದ ಸಭಾಂಗಣಕ್ಕೆ ಅವಳು ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನು ಹೊತ್ತುಕೊಂಡು ಅಣ್ಣನ ಹಿಂದೆ ಹೋದಳು. ತೀರ್ಪುಗಾರ ಬಡಕಲು ಮುದುಕ. ನಲವತ್ತು ವರ್ಷ ತಾನೇ ಕೊರೆದು ಕಣ್ಣು ಸವೆಸಿಕೊಂಡವನು. ಜೇಬಿನಿಂದ ಭೂತಗನ್ನಡಿ ತೆಗೆದು ಬಟ್ಟಲನ್ನು ನೋಡಿದ. ನೋಡುತ್ತಲೇ ಇದ್ದ.

"ಕೊರೆದೋರು ಯಾರು?"

"ನಾನೇ ಸ್ವಾಮಿ," ಎಂದ ಅಣ್ಣ.

"ಎಡಗೈಯೋರಾ ನೀವು?"

ಅಣ್ಣ ಪೆಚ್ಚುಪೆಚ್ಚಾಗಿ ನಕ್ಕ. "ಇಲ್ಲ ಸ್ವಾಮಿ. ಯಾಕೆ?"

ಮುದುಕ ತನ್ನ ಚೀಲದಿಂದ ತೆಳುವಾದ ಮರದ ಚೂರೊಂದನ್ನೂ ಚಾಕುವನ್ನೂ ತೆಗೆದು ಮುಂದಿಟ್ಟ. "ಇದ್ರಲ್ಲಿ ತೂತಿದೆ. ಅಂಚು ಸವರಿ ನೋಡೋಣ."

ಸುತ್ತ ಜನ ಸೇರಿದರು. ಅಣ್ಣನ ದಪ್ಪ ಬೆರಳುಗಳಲ್ಲಿ ಆ ಚಾಕು ಕಳೆದೇಹೋಯಿತು. ಒತ್ತಿದ. ಮರ ಚಟ್ಟೆಂದು ಸೀಳಿತು. ಅವನು ತಂಗಿಯ ಕಡೆ ತಿರುಗಿ ಪಿಸುಗುಟ್ಟಿದ, "ಏನಾದ್ರೂ ಹೇಳೇ. ಮರ್ಯಾದೆ ಹೋಗ್ತಿದೆ."

ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಾನೇನು ಹೇಳ್ಲಿ ಅಣ್ಣ? ನಾನು ಸ್ಯಾಂಡ್‌ಪೇಪರ್ ಉಜ್ಜೋಳು."

ಅಣ್ಣ ಚಾಕು ಕೆಳಗಿಟ್ಟ. ಆ ಮಾತನ್ನು ಅವಳು ಎಲ್ಲಿ ಕೇಳಿಸಿಕೊಂಡಿದ್ದಳೆಂದು ಅವನಿಗೆ ಆಗ ಹೊಳೆಯಿತು. ಮುದುಕ ಅವಳ ಕೈಗಳನ್ನು ನೋಡಿದ. ಎಡಗೈ ತೋರುಬೆರಳಿನ ಪಕ್ಕ ಕಡಲೆಯಷ್ಟು ದಪ್ಪ ಜಡ್ಡು. ಇನ್ನೊಂದು ಚೂರನ್ನು ಅವಳ ಮುಂದೆ ತಳ್ಳಿದ. "ಬಾ ತಾಯಿ."

ಅವಳು ನಿಂತಲ್ಲೇ ಸವರಿದಳು. ಮುದುಕ ಭೂತಗನ್ನಡಿಯಲ್ಲಿ ನೋಡಿ, ಬಟ್ಟಲನ್ನು ಮಗುಚಿ, ತಳದ ಹೆಸರು ಓದಿ, ಪಟ್ಟಿಯಲ್ಲಿ ಒಂದು ಗೆರೆ ಹೊಡೆದ. "ಇಲ್ಲಿಗೆ ಬಂದ ಬಟ್ಟಲುಗಳಲ್ಲಿ ಇದೇ ಎಲ್ಲಕ್ಕಿಂತ ಮೇಲು. ಆದ್ರೆ ಸುಳ್ಳು ಹೆಸರಿಗೆ ಬಹುಮಾನ ಕೊಡಕ್ಕಾಗಲ್ಲ. ತಗೊಂಡು ಹೋಗಿ."

ಏಳು ತಿಂಗಳ ಕೆಲಸ ಹಾಗೆ ಬಟ್ಟೆಯೊಳಗೆ ವಾಪಸಾಯಿತು. ಬಸ್ಸಿನಲ್ಲಿ ಅಣ್ಣ ಒಂದೇ ಮಾತು ಆಡಿದ. "ನಿನ್ ಕೆಲಸಾನೇ ಹಾಳು ಮಾಡ್ಕೊಂಡೆಯಲ್ಲೇ."

"ಹ್ಞೂಂ," ಎಂದಳು. ಬೇಕಾದರೆ ಇನ್ನೊಂದು ಮಾಡುತ್ತೇನೆ, ಇನ್ನೊಮ್ಮೆ ಹಾಳೂ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಸೇರಿಸಿದಳು.

ಎಂಟು ದಿನ ಲೇತ್ ತಿರುಗಲಿಲ್ಲ. ಅತ್ತಿಗೆ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟಳು. ಒಂಬತ್ತನೆಯ ಬೆಳಿಗ್ಗೆ ಲೇತಿನ ಸದ್ದು ಕೇಳಿತು. ಮಧ್ಯಾಹ್ನ ಅಣ್ಣ ಹೊಸ ಬಟ್ಟಲೊಂದನ್ನು ತಂದು ಅವಳ ಮೇಜಿನ ಮೇಲಿಟ್ಟ. ಕ್ಷಮಿಸು ಎನ್ನಲಿಲ್ಲ. ಎಡಚಿ ಎಂದೂ ಕರೆಯಲಿಲ್ಲ. ಬಟ್ಟಲು ಮಗುಚಿ ತೋರಿಸಿದ. ತಳ ಎಂದಿಗಿಂತ ಎರಡು ಬೆರಳು ಅಗಲ.

"ಇಬ್ಬರದೂ ಹಿಡಿಸುತ್ತೆ," ಎಂದ ನೆಲ ನೋಡುತ್ತ.

ಅವಳು ಕಾದ ತಂತಿಯನ್ನು ಎಡಗೈಗೆ ತೆಗೆದುಕೊಂಡಳು. ತನ್ನ ಹೆಸರನ್ನು ಈ ಅಂಚಿನಿಂದ ಆ ಅಂಚಿನವರೆಗೆ, ಗುಂಡಗೆ, ದಪ್ಪಗೆ, ನಿಧಾನವಾಗಿ ಬರೆದಳು. ಸುಟ್ಟ ಮರದ ವಾಸನೆ ಎದ್ದಿತು. ಆಮೇಲೆ ತಂತಿಯನ್ನು ಅವನ ಕೈಗೆ ಕೊಟ್ಟಳು.

ಅಣ್ಣ ತಳವನ್ನು ನೋಡಿದ, ಅವಳನ್ನು ನೋಡಿದ.

"ಎಲ್ಲಿ ಬರೀತೀಯಣ್ಣ? ತಳ ಅಷ್ಟಗಲ ಇಲ್ಲ," ಎಂದಳು. ಬಟ್ಟಲನ್ನು ನೆಟ್ಟಗಿಟ್ಟು, ಬಲ್ಬು ಇಳಿಸಿ, ಡ್ರಿಲ್ ಶುರು ಮಾಡಿದಳು.