ಒಬ್ಬಳಿಗಾಗಿ ನಾಲ್ವರ ಸುಳಿವು

ಗಾಜಿಪುರದ ಓಣಿಗೆ ಇನ್ನೂ ಬೆಳಕು ಇಳಿದಿಲ್ಲ. ನಲ್ಲಿಗೆ ನೀರು ಬಂದ ಸದ್ದು, ಮಗ್ಗುಲ ಮನೆಯಲ್ಲಿ ಯಾರೋ ಕೊಡ ತಿಕ್ಕುವ ಸದ್ದು. ಜಾಹೇದಾ ಬೇಗಂ ಒಲೆಯ ಮೇಲೆ ಚಹಾ ಇಟ್ಟು, ತಣ್ಣಗಿನ ಫರಸಿಕಲ್ಲಿನ ನೆಲದ ಮೇಲೆ ಕೂತು ಎಡಗೈ ಬೆರಳುಗಳನ್ನು ಮಡಚುತ್ತಿದ್ದಾರೆ. "ಕ... ನ... ಸು." ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ. ಚಹಾ ಉಕ್ಕಿ ಒಲೆಗೆ ಬಿದ್ದಾಗಲೇ ಎಚ್ಚರ.

ಹೊಳೆದ ಪದಬಂಧದ ಸುಳಿವನ್ನು ಅವರು ಮೊದಲು ಜೋರಾಗಿ ಹೇಳಿ ನೋಡುತ್ತಾರೆ. "ಕತ್ತಲಿನ ಆರಂಭ, ಆಮೇಲೆ ತುಸು, ಮಲಗಿದವರಿಗೆ ಕಾಣುವುದು." ಕತ್ತಲಿನ ಮೊದಲ ಅಕ್ಷರ 'ಕ'. ತುಸು ಎಂದರೆ 'ನಸು'. ಎರಡೂ ಕೂಡಿದರೆ 'ಕನಸು'. ಗೂಢ ಪದಬಂಧದ ಸುಳಿವೆಂದರೆ ಇಷ್ಟೇ: ಅರ್ಧ ಮಾತು ಉತ್ತರದ ಅರ್ಥ ಹೇಳಬೇಕು, ಇನ್ನರ್ಧ ಅದರ ಅಕ್ಷರಗಳನ್ನು ಕಟ್ಟಿಕೊಡಬೇಕು, ಓದುವವರಿಗೆ ಮಾತ್ರ ಒಂದೇ ಸಾದಾ ವಾಕ್ಯದಂತೆ ಕಾಣಬೇಕು.

"ಮಲಗಿದವ್ರು ಅನ್ನೂದು ಬ್ಯಾಡ," ಎಂದು ತಾವೇ ಹೇಳಿಕೊಂಡು ಅದನ್ನು 'ಕಣ್ಣು ಮುಚ್ಚಿದವರಿಗೆ' ಎಂದು ತಿದ್ದುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಯಾಕೆ ಎಂದು ಕೇಳಿದರೆ, ಒಲೆ ಆರಿಸಿ ಏಳುತ್ತಾರೆ. ಬುರ್ಖಾ ತೊಟ್ಟು, ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಭಾನುವಾರ. ಕಮಲಾಪುರದ ಮೊದಲ ಬಸ್ಸು ಹಿಡಿಯಬೇಕು.

ಉಳಿದ ಆರು ದಿನ ಜಾಹೇದಾ ಜೇವರ್ಗಿ ಕಾಲೋನಿಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಸಂಧಿ, ಸಮಾಸ, ಪತ್ರಲೇಖನ. ವಯಸ್ಸು ಐವತ್ತು ದಾಟಿದೆ, ಕಾಲಿಗೆ ಬಾವು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಮನೆಯಲ್ಲಿ ಮಾತು ದಖನಿ ಉರ್ದು. ಸುಳಿವು ಹೊಳೆಯುವುದು ಕನ್ನಡದಲ್ಲಿ. "ರೊಟ್ಟಿ ಬಡಿಯೂ ಹೊತ್ತಿನ್ಯಾಗ ಶಬ್ದ ಬಂದು ಕುಂದರ್ತಾವ್ರಿ. ತಮ್ಮನ ಹೆಂಡ್ತಿ ಅಂತಾಳ, ಆಪಾ ಯಾರ ಜೋಡಿ ಮಾತಾಡ್ತಿ ಅಂತ."

ನಗರದ ಒಂದು ಸಂಜೆ ಪತ್ರಿಕೆಗೆ ಅವರು ಬಹಳ ವರ್ಷ ಪದಬಂಧ ಕಟ್ಟಿಕೊಟ್ಟರು. ಅದರ ಕೆಳಗೆ ಅವರ ಹೆಸರು ಎಂದೂ ಅಚ್ಚಾಗಲಿಲ್ಲ. "ನಾನೂ ಕೇಳಿಲ್ರಿ. ಖಾಲಿ ಚೌಕಕ್ಕ ಹೆಸರ್ ಯಾಕ?" ಅದೇ ಪುಟದಲ್ಲಿ ಒಂದು ಸ್ನೇಹದ ಪಂದ್ಯ ಶುರು ಮಾಡಿದ್ದೂ ಅವರೇ. ವಾರಕ್ಕೊಂದು ಪದ ಕೊಡುವುದು, ಓದುಗರು ಅದಕ್ಕೊಂದು ಸುಳಿವು ಬರೆದು ಕಳಿಸುವುದು. ಬಹುಮಾನವಿಲ್ಲ. ಗೆದ್ದ ಸುಳಿವು ಅಚ್ಚಾಗುತ್ತಿತ್ತು, ಕೆಳಗೆ ಜಾಹೇದಾ ಬರೆದ ತೀರ್ಪಿನ ಎರಡು ಸಾಲು. ಬೀದರಿನಿಂದ, ಯಾದಗಿರಿಯಿಂದ ಕಾರ್ಡುಗಳು ಬರುತ್ತಿದ್ದವು. ತೀರ್ಪು ಕಟುವಾಗಿರುತ್ತಿತ್ತು. 'ಚೆಂದವಿದೆ, ಆದರೆ ಎರಡನೇ ಅಕ್ಷರಕ್ಕೆ ಲೆಕ್ಕವಿಲ್ಲ' ಎಂದು ಬರೆಸಿಕೊಂಡವರು ಮರುವಾರ ಹಟ ಹಿಡಿದು ಮತ್ತೆ ಬರೆಯುತ್ತಿದ್ದರು.

ಹಾಗೆ ಹಟ ಹಿಡಿದವರಲ್ಲಿ ಕಮಲಾಪುರದ ಭಾಗಮ್ಮ ಒಬ್ಬರು. ಅಂಗನವಾಡಿಯಲ್ಲಿ ಕೆಲಸಕ್ಕಿದ್ದವರು. ಹುಮನಾಬಾದ ರಸ್ತೆಯಲ್ಲಿ ಟಂಟಂ ಆಟೋ ಮಗುಚಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಜೀವವಿಲ್ಲ. ಅಣ್ಣ ದೇವೀಂದ್ರಪ್ಪನದು ಕೆಂಪು ಬಾಳೆಹಣ್ಣಿನ ಅಂಗಡಿ. ಹಣ್ಣು ಸುತ್ತಲು ತಂದ ಹಳೆಯ ಪತ್ರಿಕೆಗಳಲ್ಲೇ ಭಾಗಮ್ಮ ಮಲಗಿದಲ್ಲಿಂದ ಮೊದಲ ಪದಬಂಧ ಬಿಡಿಸಿದ್ದು. ಆಮೇಲೆ ಹೊಸ ಪತ್ರಿಕೆ ತರಿಸಿ ಸುಳಿವು ಕಳಿಸತೊಡಗಿದರು. 'ಕಿಟಕಿ' ಎಂಬ ಪದಕ್ಕೆ ಅವರು ಬರೆದದ್ದು: 'ಒಳಗಿಂದ ನೋಡಿದರೂ ಹೊರಗಿಂದ ನೋಡಿದರೂ ಒಂದೇ.' ಕಿ-ಟ-ಕಿ, ಯಾವ ತುದಿಯಿಂದ ಓದಿದರೂ ಕಿಟಕಿಯೇ. ಆ ವಾರ ಗೆಲುವು ಅವರದು.

"ಅದನ್ನ ಓದಿ, ಮತ್ತ ಹಿಂದಿಂದ ಓದಿ ನೋಡಿದೆ," ಎನ್ನುತ್ತಾರೆ ಜಾಹೇದಾ. "ಯಾರಿದು ಅಂತ ಹುಡುಕ್ಕೊಂಡು ಹೋದೆ. ಅಕಿ ಹಾಸಿಗಿ ಮ್ಯಾಲಿಂದ ಮೊದಲ್ನೇ ಮಾತ್ ಏನ್ ಅಂದಳು ಗೊತ್ತದೇನ್ರಿ? ಹ್ವಾದ ವಾರ ನನಗ ಯಾಕ್ ಸೋಲಿಸಿದ್ರಿ ಅಂತ!"

ಅಂದಿನಿಂದ ಭಾನುವಾರದ ಬಸ್ಸು ತಪ್ಪಿಲ್ಲ.

ಪತ್ರಿಕೆ ನಿಂತುಹೋಯಿತು. ಪಂದ್ಯ ಮಾತ್ರ ಐವರ ನಡುವೆ ಉಳಿಯಿತು. ನಾಲ್ವರು ಜಾಹೇದಾರಿಗೆ ಫೋನಿನಲ್ಲಿ ಸುಳಿವು ಹೇಳುವರು. ಭಾಗಮ್ಮನದನ್ನು ಜಾಹೇದಾ ತಾವೇ ಹೋಗಿ ತರುವರು, ಫಲಿತಾಂಶವನ್ನೂ ಅವರೇ ಒಯ್ದು ಓದಿ ಹೇಳುವರು. ಆಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಕೋಟನೂರಿನ ಕಲ್ಯಾಣಪ್ಪ ಮಾಸ್ತರರಿಗೆ ಕಣ್ಣು ಹೋಯಿತು, ಅದರ ಹಿಂದೆ ಉತ್ಸಾಹವೂ ಹೋಯಿತು. ಇಬ್ಬರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಸೈಕಲ್ ರಿಪೇರಿಯ ಅಲ್ಲಾಬಕ್ಷ, ಈ ಪಂದ್ಯದ ಅತಿ ಹಳೆಯ ಆಟಗಾರ, ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಅವರು ತೀರಿಕೊಂಡ ಮರುದಿನವೇ ಭಾನುವಾರ. ಪಂದ್ಯ ಮುಗಿಯಿತು ಎಂದು ಹೇಳಲೆಂದೇ ಜಾಹೇದಾ ಕಮಲಾಪುರಕ್ಕೆ ಹೋದರು. "ನಾ ಇನ್ನಾ ಚಪ್ಪಲಿ ಬಿಟ್ಟಿದ್ದಿಲ್ರಿ. ಒಳಗಿಂದ ಅಕಿ ಕೇಳಿದಳು, ಈ ಸಲ ಎಷ್ಟ್ ಮಂದಿ ಬರದಾರ ಅಂತ. ಅಕಿ ದನಿಯಾಗ ಏನೋ ಇತ್ರಿ. ಬಾಯಿಂದ ಬಂದುಬಿಡ್ತು, ಎಲ್ಲಾರೂ ಬರದಾರ ಅಂತ."

ಅಂದು ಮನೆಗೆ ಬಂದವರು ನಾಲ್ವರ ಸುಳಿವನ್ನೂ ತಾವೇ ಬರೆದರು. ಮಾಸ್ತರರದು ಸ್ವಲ್ಪ ಉಪದೇಶದ ಧಾಟಿ, ಅಲ್ಲಾಬಕ್ಷನದು ಬಜಾರಿನ ಮಾತು. ಆಮೇಲಿನ ವಾರವೂ ಬರೆದರು, ಅದರ ಆಮೇಲಿನ ವಾರವೂ. ಒಂದು ವಾರದ ಸುಳ್ಳು ವರ್ಷ ದಾಟಿತು. ಭಾಗಮ್ಮ ಪ್ರತಿ ವಾರ ಒಬ್ಬೊಬ್ಬರ ಸುಳಿವನ್ನೂ ಕೇಳಿಸಿಕೊಂಡು, "ಮಾಸ್ತರ್ ಈ ಸಲ ಬೆವರ್ಯಾರ" ಎಂದು ನಗುತ್ತಿದ್ದರಂತೆ.

ಆದರೆ ತೀರ್ಪು? ಜಾಹೇದಾ ಇಲ್ಲಿ ತಡವರಿಸುವುದಿಲ್ಲ. ಐದೂ ಸುಳಿವುಗಳನ್ನು ಒಂದೇ ಬಗೆಯ ಚೀಟಿಗಳ ಮೇಲೆ ಬರೆದು, ಕೆಲವು ದಿನ ಬಿಟ್ಟು, ತಮ್ಮದಲ್ಲವೆಂಬಂತೆ ಓದುತ್ತಿದ್ದರು. ಬಹಳ ಸಲ ಭಾಗಮ್ಮನೇ ಗೆದ್ದರು. ಕೆಲವು ಸಲ ಸೋತರು.

ಈ ಬೇಸಿಗೆಯ ಆರಂಭದಲ್ಲಿ ಕೊಟ್ಟ ಪದ 'ಬಾಗಿಲು'. ಭಾಗಮ್ಮ ಬರೆದರು: 'ಬಾ ಎಂದು ಕರೆಯುತ್ತದೆ, ಬಂದರೆ ಮುಚ್ಚಿರುತ್ತದೆ.' ಅಲ್ಲಾಬಕ್ಷನ ಹೆಸರಿನಲ್ಲಿ ಜಾಹೇದಾ ಬರೆದರು: 'ಬಾಗಿ, ಆಮೇಲೆ ಲುಕ್ಸಾನಿನ ಆರಂಭ, ಆದರೂ ಒಳಗೆ ಹೋಗಲು ಇದೇ ದಾರಿ.' ಬಾಗಿ, ಜೊತೆಗೆ ಲುಕ್ಸಾನಿನ 'ಲು'. ಎಲ್ಲ ಅಕ್ಷರಕ್ಕೂ ಲೆಕ್ಕವಿದೆ.

"ಭಾಗಮ್ಮಂದು ಭಾಳ ಛಲೋ ಅದರಿ. ಆದ್ರ 'ಬಾ' ಆತು, 'ಗಿಲು' ಎಲ್ಲಿಂದ ಬಂತು? ಮೂರು ದಿನ ಕೈಯಾಗ ಹಿಡ್ಕೊಂಡು ಕುಂತೆ. ಅಕಿಗಿ ಕೊಟ್ಟುಬಿಡು ಅಂತ ಮನಸ್ಸು ಹೇಳಾಕತ್ತಿತ್ತು. ಕೊಡಲಿಲ್ಲ."

ಗೆಲುವು ಅಲ್ಲಾಬಕ್ಷನಿಗೆ ಹೋಯಿತು. ಭಾಗಮ್ಮ ಸುಳಿವನ್ನು ಎರಡು ಸಲ ಓದಿಸಿಕೊಂಡು, "ಅಡ್ಡಿಯಿಲ್ಲ, ಮುದುಕ ಛಲೋ ಬರದಾನ" ಎಂದರು. ಹಿಂದೊಮ್ಮೆ 'ಕಿಟಕಿ' ಗೆದ್ದಾಗ ಅಲ್ಲಾಬಕ್ಷ ತಾವಾಗಿ ಫೋನ್ ಮಾಡಿ ಅಭಿನಂದಿಸಿದ್ದರು. ಆ ನಂಬರು ಭಾಗಮ್ಮನ ಮೊಬೈಲಿನಲ್ಲಿ ಇನ್ನೂ ಇತ್ತು. ತಮ್ಮನ್ನು ಸೋಲಿಸಿದವನಿಗೆ ಶಾಬಾಶ್ ಹೇಳಬೇಕೆನಿಸಿತು. ಫೋನ್ ಮಾಡಿದರು; ಎತ್ತಿದ್ದು ಅಲ್ಲಾಬಕ್ಷನ ಹೆಂಡತಿ.

ಆ ಸಂಜೆ ಜಾಹೇದಾರ ಫೋನ್ ರಿಂಗಾಯಿತು, ಭಾಗಮ್ಮನದು.

"ಅಲ್ಲಾಬಕ್ಷ ಹೋಗಿ ವರ್ಷದ ಮ್ಯಾಲಾತಂತ."

ಜಾಹೇದಾ ಎದ್ದು ಕೋಣೆಯ ಬಾಗಿಲು ಮುಚ್ಚಿದರು.

"ಉಳದವ್ರದೂ ನೀನೇ ಬರೀತಿದ್ದೇನು?"

"ಹೌದು."

"ಬಾಗಿಲದ್ದು?"

"ಅದೂ ನಾನೇ."

ಆಮೇಲೆ ಭಾಗಮ್ಮ ಅಂದರು: "ಸತ್ತವ್ರ ಜೋಡಿ ಆಡಿಸಿದೆಲ್ಲ ನನ್ನ." ಫೋನ್ ಇಟ್ಟರು. ಅಂದಿನಿಂದ ಒಂದು ಸುಳಿವೂ ಬರೆದಿಲ್ಲ.

ನಾವು ಕಮಲಾಪುರದಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಏರಿದೆ. ರಸ್ತೆಯ ಎರಡೂ ಬದಿ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕುತ್ತಿದ್ದಾರೆ. ದೇವೀಂದ್ರಪ್ಪ ಅಂಗಡಿಯಿಂದಲೇ ನಮಸ್ಕಾರ ಮಾಡಿ, ತಲೆ ಅಲ್ಲಾಡಿಸುತ್ತಾರೆ: ಇವತ್ತೂ ಇಲ್ಲ ಎಂಬಂತೆ. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಚಹಾ ಕೊಡುತ್ತಾರೆ. ಜಾಹೇದಾ ಪಡಸಾಲೆಯಲ್ಲೇ ಕೂಡುತ್ತಾರೆ. ಒಳಗಿನ ಕೋಣೆಗೆ ಹೋಗುವ ಅಪ್ಪಣೆ ಈಗಿಲ್ಲ. ಕೂತಲ್ಲಿಂದಲೇ ಈ ವಾರದ ಪದ ಹೇಳುತ್ತಾರೆ, ತಾವು ಬರೆದ 'ಕನಸು' ಸುಳಿವನ್ನು ಓದುತ್ತಾರೆ, ತಮ್ಮದೇ ಹೆಸರಿನಲ್ಲಿ. ಪರದೆಯ ಆಚೆ ಫ್ಯಾನು ತಿರುಗುತ್ತದೆ.

ನನ್ನನ್ನು ಮಾತ್ರ ಒಳಗೆ ಕರೆಯುತ್ತಾರೆ. ಭಾಗಮ್ಮ ತೆಳ್ಳಗಿನ ಹೆಂಗಸು. ಹಣೆಯಲ್ಲಿ ವಿಭೂತಿ, ತೋಳುಗಳಲ್ಲಿ ಇನ್ನೂ ಕಸುವು. ದನಿ ತಗ್ಗಿಸದೆ, ಹೊರಗೆ ಕೇಳಲೆಂದೇ ಮಾತಾಡುತ್ತಾರೆ.

"ಸಿಟ್ಟಿಲ್ರಿ ನನಗ. ಸಿಟ್ಟಿದ್ರ ಛಲೋ ಇತ್ತು. ನಾಕ್ ಮಂದಿ ನನ್ನ ಸುಳಿವು ಕೇಳಿ ತಲಿ ಕೆರ್ಕೋತಾರ ಅನ್ಕೊಂಡು ವಾರಪೂರ್ತಿ ಒಂದ್ ಶಬ್ದದ ಜೋಡಿ ಇರ್ತಿದ್ದೆ. ಅವ್ರಿಗೆ ಈ ಹಾಸಿಗಿ ಕಾಣ್ತಿದ್ದಿಲ್ಲ, ನೋಡ್ರಿ. ಅಲ್ಲಿ ನಾ ಬರೇ ಭಾಗಮ್ಮ ಇದ್ದೆ. ಈಗ ಯಾರಿಗಿ ಬರೀಲಿ?"

ಪಡಸಾಲೆಯಿಂದ ಜಾಹೇದಾ ಅನ್ನುತ್ತಾರೆ, "ನಾ ಇದ್ದೀನಲ್ಲ."

"ನೀ ತೂಕ ಮಾಡಾಕಿ. ಜೋಡಿ ಆಡಾವ್ರು ಬ್ಯಾರೆ." ಭಾಗಮ್ಮ ತೋಳೂರಿ ಪರದೆಯ ಕಡೆ ಮುಖ ತಿರುಗಿಸುತ್ತಾರೆ. "ಮತ್ತ ನಾ ಗೆದ್ದಿದ್ದರಾಗ ಯಾವುದು ಖರೆ, ಯಾವುದು ಕರುಣಾ? ಅದರ ಸುಳಿವು ಕೊಡ್ತೀಯೇನು?"

ಉತ್ತರವನ್ನು ಜಾಹೇದಾ ಎಷ್ಟೋ ಭಾನುವಾರ ಕೊಟ್ಟಿದ್ದಾರೆ. ಇಂದೂ ಕೊಡುತ್ತಾರೆ: "ಎಲ್ಲಾ ಖರೆ." ಅತ್ತಿಗೆ ಬಂದು ಖಾಲಿ ಕಪ್ಪು ಎತ್ತಿಕೊಂಡು ಹೋಗುತ್ತಾರೆ.

ತಿರುಗಿ ಬರುವ ಬಸ್ಸಿಗಾಗಿ ರಸ್ತೆಬದಿ ನಿಂತಾಗ ಜಾಹೇದಾ ಬಾವು ಬಂದ ಕಾಲನ್ನು ಚಪ್ಪಲಿಯಿಂದ ತೆಗೆದು ಮಣ್ಣಿಗಿಡುತ್ತಾರೆ. ಮುಂದಿನ ವಾರ ಬರುತ್ತೀರಾ ಎಂದರೆ, ಬರುತ್ತೇನೆ ಎನ್ನುತ್ತಾರೆ. ಭಾಗಮ್ಮ ಮತ್ತೆ ಬರೆಯಬಹುದೇ? "ಇಲ್ರಿ. ಬರಿಯೂದಿಲ್ಲ. ನನಗ ಗೊತ್ತದ." ಬಸ್ಸು ದೂರದಲ್ಲಿ ಕಾಣುತ್ತದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾರೆ.

"ಸುಳ್ಳು ಹೇಳೀನಿ, ಹೇಳಿಲ್ಲ ಅನ್ನಂಗಿಲ್ಲ. ಆದ್ರ ಪಾಪ ಅಂತ ಒಂದ್ ಸಲಾನೂ ಅಕಿಗಿ ಗೆಲ್ಲಿಸಿಲ್ರಿ. ಗೆದ್ದಿದ್ದೆಲ್ಲಾ ಅಕಿದೇ."